ಬಿಗಿದ ಅಂಚು, ನೊಂದ ಚರ್ಮ

ಮೈ ಮುಚ್ಚುವುದು ಉಡುಪಿನ ಸಾಮಾನ್ಯ ಧರ್ಮ. ಕೆಲವು ಉಡುಪುಗಳಿಗೆ ಇನ್ನೊಂದು ಕರ್ತವ್ಯವೂ ಉಂಟು: ಹೊರಗಿನದು ಒಳಗೆ ಬಾರದಂತೆ ತಡೆಯುವುದು. ಆಸ್ಪತ್ರೆಯ ದಾದಿ ತೊಡುವ ಕೈಗವಸು, ಕ್ಷಯರೋಗಿಯನ್ನು ಪರೀಕ್ಷಿಸುವ ವೈದ್ಯರ ಮುಖಗವಸು, ತೊಗರಿಯ ಹೊಲದಲ್ಲಿ ಔಷಧ ಹೊಡೆಯುವವರ ಕೈಗವಸು, ಚರಂಡಿ ತೆಗೆಯುವ ಪೌರಕಾರ್ಮಿಕರ ಮೊಣಕಾಲುದ್ದದ ಬೂಟು, ಇವೆಲ್ಲ ಆ ಜಾತಿಯವು. ಇಂಥ ಉಡುಪಿನ ಸತ್ತ್ವವೆಲ್ಲ ಅದರ ಅಂಚಿನಲ್ಲಿದೆ. ಮಣಿಕಟ್ಟಿನಲ್ಲಿ, ಕೆನ್ನೆಯ ಮೇಲೆ, ಮೀನಖಂಡದ ಸುತ್ತ ಅಂಚು ಸಡಿಲವಾಯಿತೆಂದರೆ ಉಳಿದ ಉಡುಪು ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ. ಅದೇ ಅಂಚು ಅತಿಯಾಗಿ ಬಿಗಿದರೆ ಅದರ ಕೆಳಗಿನ ಚರ್ಮ ಕೆಂಪೇರುತ್ತದೆ, ಉರಿಯುತ್ತದೆ, ಕೊನೆಗೆ ಸುಲಿದು ಹೋಗುತ್ತದೆ. ಈ ಎರಡು ತೊಂದರೆಗಳ ನಡುವೆ ದಾರಿ ಹುಡುಕುವುದು ಹೇಗೆಂಬುದೇ ಇಂದಿನ ಮಾತಿನ ವಿಷಯ.

ಈ ಇಕ್ಕಟ್ಟಿನ ಪರಮಾವಧಿಯನ್ನು ಕಾಣಬೇಕಾದರೆ ಶೀತಸಮುದ್ರಗಳಲ್ಲಿ ಮುಳುಗುವವರ ಕಡೆ ನೋಡಬೇಕು. ನಮ್ಮ ಉತ್ತರ ಕನ್ನಡದ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೆ ನೀರು ಬೆಚ್ಚಗಿರುವುದರಿಂದ ಆ ಚಿಂತೆಯಿಲ್ಲ. ಆದರೆ ಹಿಮದಂಥ ನೀರಿಗೆ ಅಥವಾ ಮಲಿನವಾದ ನೀರಿಗೆ ಇಳಿಯುವವರು ಡ್ರೈಸೂಟ್ ಎಂಬ ಉಡುಪನ್ನು ತೊಡುತ್ತಾರೆ. ಅದರೊಳಗೆ ಒಂದು ಹನಿಯೂ ಇಳಿಯಬಾರದು. ಅದಕ್ಕಾಗಿ ಕುತ್ತಿಗೆಗೂ ಎರಡು ಮಣಿಕಟ್ಟುಗಳಿಗೂ ರಬ್ಬರಿನ ಇಲ್ಲವೆ ಸಿಲಿಕೋನಿನ ತೆಳುವಾದ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಕುತ್ತಿಗೆಯ ಪಟ್ಟಿ ಅಳತೆ ಮೀರಿ ಬಿಗಿಯಾದರೆ ತಲೆಗೆ ರಕ್ತ ಒಯ್ಯುವ ನಾಳಗಳನ್ನು ಒತ್ತಿ ತಲೆಸುತ್ತು ಬರುವುದೂ ಉಂಟು. ಹೀಗಾಗಿ ಅನುಭವಿಗಳು ಪಟ್ಟಿಯನ್ನು ಕುತ್ತಿಗೆಯ ಅಳತೆಗೆ ಸರಿಯಾಗಿ ಕತ್ತರಿಸಿಕೊಳ್ಳುತ್ತಾರೆ. ನೀರನ್ನು ತಡೆಯುವುದು ಅಂಚು ಚರ್ಮಕ್ಕೆ ಎಲ್ಲೆಡೆ ಸಮನಾಗಿ ಅಂಟಿ ಕೂಡುವುದರಿಂದ; ಹೆಚ್ಚು ಬಿಗಿದ ಮಾತ್ರಕ್ಕೆ ಹೆಚ್ಚು ರಕ್ಷಣೆ ದೊರೆಯುವುದಿಲ್ಲ. ಸಮುದ್ರದಿಂದ ಬಹುದೂರದಲ್ಲಿರುವ ನಮಗೂ ಈ ಒಂದು ಪಾಠ ಬೇಕಾದದ್ದೇ.

ಬೇಕಾದದ್ದು ಎನ್ನುವುದಕ್ಕೆ ಕಾರಣವಿದೆ. ಭಾರತದಲ್ಲಿ ಕೋವಿಡ್ ರೋಗದ ಮೊದಲ ಸಾವು ದಾಖಲಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್ ತಿಂಗಳಿನಲ್ಲಿ. ಆಮೇಲೆ ಬಂದ ಬೇಸಿಗೆಯನ್ನು ಈ ನಗರದ ಆಸ್ಪತ್ರೆಗಳ ಸಿಬ್ಬಂದಿ ಮರೆಯುವಂತಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಪ್ರತಿ ವರ್ಷದ ಮಾತು. ಅಂಥ ಸೆಕೆಯಲ್ಲಿ ಅಡಿಯಿಂದ ಮುಡಿಯವರೆಗೆ ಗಾಳಿಯಾಡದ ಕವಚ, ಅದರ ತೋಳಿನ ಮೇಲೆ ಎಳೆದ ಎರಡು ಜೊತೆ ಕೈಗವಸು, ಮಣಿಕಟ್ಟಿಗೆ ಸುತ್ತಿದ ಅಂಟುಪಟ್ಟಿ, ಮೂಗಿನ ಎಲುಬನ್ನು ಒತ್ತಿ ಹಿಡಿದ ಎನ್-95 ಮುಖಗವಸು, ಅದರ ಮೇಲೆ ಕನ್ನಡಕ. ಡ್ರೈಸೂಟಿನವನು ಚಳಿಯ ನೀರಿನಲ್ಲಿ ಅನುಭವಿಸುವ ಬಿಗಿತವನ್ನು ನಮ್ಮವರು ಬೆವರಿನ ನೀರಿನಲ್ಲಿ ಅನುಭವಿಸಿದರು.

ಚೀನಾದ ಹುಬೆ ಪ್ರಾಂತದಲ್ಲಿ ಅದೇ ವರ್ಷ 542 ಮಂದಿ ಆರೋಗ್ಯ ಸಿಬ್ಬಂದಿಯನ್ನು ವಿಚಾರಿಸಿದಾಗ 526 ಮಂದಿಗೆ ರಕ್ಷಣಾ ಉಡುಪಿನಿಂದಲೂ ಪದೇಪದೇ ಕೈ ತೊಳೆಯುವುದರಿಂದಲೂ ಚರ್ಮದ ಹಾನಿಯಾಗಿದ್ದುದು ಕಂಡುಬಂದಿತು. ನೂರಕ್ಕೆ ತೊಂಬತ್ತೇಳು ಮಂದಿ ಎಂದಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನೊಂದ ಜಾಗವೆಂದರೆ ಮೂಗಿನ ಎಲುಬಿನ ಮೇಲಿನ ಚರ್ಮ. ಆರು ಗಂಟೆಗಳಿಗಿಂತ ಹೆಚ್ಚು ಹೊತ್ತು ಮುಖಗವಸನ್ನು ಕಳಚದವರಲ್ಲಿ ಹಾನಿ ಅಧಿಕವಾಗಿತ್ತು. ದಿನಕ್ಕೆ 10ಕ್ಕಿಂತ ಹೆಚ್ಚು ಸಲ ಕೈ ತೊಳೆದವರ ಕೈಗಳೂ ಹೆಚ್ಚು ನೊಂದಿದ್ದವು.

ಪ್ರಾಣವೇ ಹೋಗುವ ಕಾಲದಲ್ಲಿ ಚರ್ಮದ ಉರಿಯೊಂದು ದೊಡ್ಡ ಮಾತೇ ಎಂದು ಕೇಳಬಹುದು. ದೊಡ್ಡ ಮಾತೇ ಹೌದು. ಉರಿ ತಾಳಲಾರದವನು ಮುಖಗವಸಿನೊಳಗೆ ಬೆರಳು ತೂರಿಸುತ್ತಾನೆ. ತುರಿಕೆ ತಾಳಲಾರದವಳು ಕೈಗವಸನ್ನು ಕಳಚಿ ಕೆಲಸಕ್ಕೆ ನಿಲ್ಲುತ್ತಾಳೆ. ಹೊಲದಲ್ಲಿ ಔಷಧ ಹೊಡೆಯುವ ಕೂಲಿಯವನು ಮೊದಲ ದಿನವೇ ಕೈಗವಸನ್ನು ಬದುವಿನ ಮೇಲೆ ಇಟ್ಟುಬಿಡುತ್ತಾನೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಕೀಟನಾಶಕ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ವಿಷವೇರಿ ಸತ್ತರು. ರಕ್ಷಣೆಯ ಉಡುಪಿಲ್ಲದೆ ಸಿಂಪಡಿಸಿದ್ದೂ ಅಲ್ಲಿಯ ಕಾರಣಗಳಲ್ಲಿ ಒಂದಾಗಿತ್ತು. ತೊಡಲಾಗದ ಕವಚ ಕವಚವೇ ಅಲ್ಲ. ಆದ್ದರಿಂದ ಚರ್ಮವನ್ನು ಕಾಯುವುದು ರಕ್ಷಣೆಯ ಕೆಲಸದ ಒಂದು ಅಂಗವೆಂದೇ ತಿಳಿಯಬೇಕು.

ಚರ್ಮ ನೋಯುವುದಾದರೂ ಹೇಗೆ? ನಮ್ಮ ಚರ್ಮದ ತೀರ ಮೇಲಿನ ಪದರ ಸತ್ತ ಕೋಶಗಳಿಂದಾದದ್ದು. ಇಟ್ಟಿಗೆಯ ಗೋಡೆಯಲ್ಲಿ ಗಾರೆ ಇರುವಂತೆ ಈ ಕೋಶಗಳ ನಡುವೆ ಜಿಡ್ಡಿನ ಅಂಶ ತುಂಬಿರುತ್ತದೆ. ಮೈಯ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ನೀರನ್ನು ಒಳಗೆ ಹಿಡಿದಿಡುವುದೂ ವಿಷ, ರೋಗಾಣುಗಳನ್ನು ಹೊರಗೆ ನಿಲ್ಲಿಸುವುದೂ ಇದರ ಕೆಲಸ. ಬಿಗಿದ ಅಂಚಿನಡಿಯಲ್ಲಿ ಈ ಗೋಡೆಗೆ ಮೂರು ಬಗೆಯ ಪೆಟ್ಟು ಬೀಳುತ್ತದೆ. ಮೂರರ ಲಕ್ಷಣವೂ ಬೇರೆ, ಪರಿಹಾರವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ನೋವು ಇಮ್ಮಡಿಯಾದೀತು.

ಮೊದಲನೆಯದು ಉಜ್ಜುವಿಕೆ ಮತ್ತು ಒತ್ತಡ. ಅಂಚು ಒಂದೇ ಜಾಗದಲ್ಲಿ ಕುಳಿತು ಮೈ ಆಡಿದಾಗಲೆಲ್ಲ ತಿಕ್ಕುತ್ತದೆ. ಹೊಸ ಚಪ್ಪಲಿ ಕಚ್ಚುವುದು ಈ ಬಗೆಯದೇ. ಇಲ್ಲಿ ತುರಿಕೆಗಿಂತ ಉರಿ ಹೆಚ್ಚು; ಅಂಚು ಕುಳಿತ ಗೆರೆಯಲ್ಲೇ ಕೆಂಪು ಕಾಣುತ್ತದೆ; ಅಂಚು ತೆಗೆದ ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಎರಡನೆಯದು ನೆನೆಯುವಿಕೆ. ರಬ್ಬರಿನ ಕೆಳಗೆ ಬೆವರು ಆರುವುದಿಲ್ಲ. ಬಹಳ ಹೊತ್ತು ಬಟ್ಟೆ ಒಗೆದವರ ಬೆರಳು ಬೆಳ್ಳಗಾಗಿ ಸುಕ್ಕುಗಟ್ಟುವಂತೆ ಅಲ್ಲಿಯ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಸ್ವಲ್ಪ ಉಜ್ಜಿದರೂ ಸುಲಿಯುತ್ತದೆ. ಬೆವರಿನ ರಂಧ್ರಗಳು ಕಟ್ಟಿಕೊಂಡರೆ ಬೆವರುಸಾಲೆ ಏಳುತ್ತದೆ. ತೇವ ಉಳಿದಲ್ಲಿ ಗಜಕರ್ಣದ ಬೂಷ್ಟು ಮನೆಮಾಡುತ್ತದೆ. ಕೈಗವಸು ಹಾಕುವ ಮುನ್ನ ಸಾಬೂನು ತೊಳೆದ ಕೈಯನ್ನು ಸರಿಯಾಗಿ ಒರೆಸಿಕೊಳ್ಳದಿದ್ದರೆ ಉಳಿದ ಸಾಬೂನೂ ಒಳಗೆ ಸೇರಿ ಗಂಟೆಗಟ್ಟಲೆ ಚರ್ಮವನ್ನು ತಿನ್ನುತ್ತದೆ. ಕೈಗವಸಿನ ದೋಷವೆಂದು ಜನ ಹೇಳುವ ಎಷ್ಟೋ ಉರಿಗಳ ಮೂಲ ಇದು.

ಮೂರನೆಯದು ಒಗ್ಗದಿಕೆ, ಅಂದರೆ ಅಲರ್ಜಿ. ಇದರ ಕಥೆ ಸ್ವಾರಸ್ಯವಾದದ್ದು. ಶಸ್ತ್ರಚಿಕಿತ್ಸೆಯಲ್ಲಿ ರಬ್ಬರಿನ ಕೈಗವಸು ಬಳಕೆಗೆ ಬಂದದ್ದೇ ಚರ್ಮವನ್ನು ಕಾಯುವುದಕ್ಕಾಗಿ. 1889-90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರಿದ್ದರು. ಅವರ ಶಸ್ತ್ರಕೊಠಡಿಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ರೋಗಾಣುನಾಶಕವಾಗಿ ಬಳಸುತ್ತಿದ್ದ ಪಾದರಸದ ಲವಣದ ದ್ರಾವಣದಿಂದ ಹುಣ್ಣಾಗತೊಡಗಿದವು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟರು. ಮುಂದೆ ಅವರಿಬ್ಬರೂ ವಿವಾಹವಾದರು. ಕೈಗವಸಿನಿಂದ ರೋಗಿಗೂ ಲಾಭವುಂಟೆಂಬುದು ತಿಳಿದದ್ದು ಅನಂತರ. ನೂರು ವರ್ಷ ಕಳೆಯುವಷ್ಟರಲ್ಲಿ ಕೈಯನ್ನು ಕಾಯಲು ಬಂದ ರಬ್ಬರೇ ಕೆಲವರ ಕೈಗೆ ಕಂಟಕವಾಯಿತು. 1980ರ ದಶಕದ ಕೊನೆಯಲ್ಲಿ ಏಡ್ಸ್ ರೋಗದ ಭೀತಿಯಿಂದ ಕೈಗವಸಿನ ಬಳಕೆ ಲೋಕದಾದ್ಯಂತ ಏರಿದಾಗ ರಬ್ಬರು ಒಗ್ಗದವರ ಸಂಖ್ಯೆಯೂ ಏರಿತು.

ಈ ಒಗ್ಗದಿಕೆಯಲ್ಲಿ ಎರಡು ಬಗೆ. ರಬ್ಬರಿನ ಹಾಲನ್ನು ಗಟ್ಟಿಮಾಡುವಾಗ ಗಂಧಕದ ಜೊತೆಗೆ ಥೈಯುರಾಮ್, ಕಾರ್ಬಮೇಟ್ ಮೊದಲಾದ ರಸಾಯನಗಳನ್ನು ಬೆರೆಸುತ್ತಾರೆ. ಇವು ಒಗ್ಗದವರಿಗೆ ತೊಟ್ಟ ಒಂದರಿಂದ ಮೂರು ದಿನಗಳೊಳಗೆ ವಿಪರೀತ ತುರಿಕೆ, ಸಣ್ಣ ಗುಳ್ಳೆ, ರಸ ಸೋರುವಿಕೆ ಕಾಣುತ್ತದೆ. ಗುರುತಿಸುವುದಕ್ಕೆ ಒಳ್ಳೆಯ ಸಾಕ್ಷಿಯೆಂದರೆ ಗಾಯದ ಆಕಾರ. ಹವಾಯಿ ಚಪ್ಪಲಿಯ ಪಟ್ಟಿ ಒಗ್ಗದವರ ಪಾದದ ಮೇಲೆ ಆ ಪಟ್ಟಿಯದೇ ಚಿತ್ರ ಮೂಡುತ್ತದೆ. ಕೈಗವಸು ಒಗ್ಗದವರಲ್ಲಿ ಕೆಂಪು ಮಣಿಕಟ್ಟಿನ ಮೇಲೆ ಗೆರೆ ಎಳೆದಂತೆ ನಿಲ್ಲುತ್ತದೆ. ಯಾವ ರಸಾಯನ ಒಗ್ಗದೆಂಬುದನ್ನು ಚರ್ಮವೈದ್ಯರು ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಎರಡು ದಿನ ಅಂಟಿಸಿಟ್ಟು ಪರೀಕ್ಷಿಸಿ ಹೇಳಬಲ್ಲರು.

ಇನ್ನೊಂದು ಬಗೆ ರಬ್ಬರು ಮರದ ಹಾಲಿನಲ್ಲಿಯೇ ಇರುವ ಪ್ರೋಟೀನು ಒಗ್ಗದಿರುವುದು. ಇದು ಅಪರೂಪ, ಆದರೆ ಅಪಾಯಕರ. ತೊಟ್ಟ ಕೆಲವೇ ನಿಮಿಷಗಳಲ್ಲಿ ದದ್ದುಗಳೇಳುತ್ತವೆ, ಸೀನು ಬರುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಕೆಲವರಿಗೆ ಉಬ್ಬಸ ಹತ್ತಿ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಕೈಗವಸಿನೊಳಗಿನ ಪುಡಿ ಈ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಇದೂ ಒಂದು ಕಾರಣವಾಗಿ ಪುಡಿ ಸವರಿದ ವೈದ್ಯಕೀಯ ಕೈಗವಸುಗಳನ್ನು ಅಮೆರಿಕ 2017ರಲ್ಲಿ ನಿಷೇಧಿಸಿತು.

ಈ ಸಂದರ್ಭದಲ್ಲಿ ಕಮಲಾಪುರದ ಮಾತು ಬರುತ್ತದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು. ದಪ್ಪ ಕೆಂಪು ಸಿಪ್ಪೆಯ, ಸಿಹಿಯಾದ ಈ ಹಣ್ಣಿಗೂ ರಬ್ಬರಿನ ಕೈಗವಸಿಗೂ ಎತ್ತಣ ಸಂಬಂಧ ಎನ್ನಿಸಬಹುದು. ರಬ್ಬರಿನ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳು ಬಾಳೆಹಣ್ಣಿನಲ್ಲೂ ಬೆಣ್ಣೆಹಣ್ಣಿನಲ್ಲೂ ಕಿವಿ ಹಣ್ಣಿನಲ್ಲೂ ಇವೆ. ಒಂದನ್ನು ಶತ್ರುವೆಂದು ಗುರುತಿಸಿದ ಮೈ ಇನ್ನೊಂದನ್ನೂ ಹಾಗೆಯೇ ಭಾವಿಸುತ್ತದೆ. ರಬ್ಬರಿನ ಪ್ರೋಟೀನು ಒಗ್ಗದ ಹತ್ತು ಮಂದಿಯಲ್ಲಿ ಮೂರರಿಂದ ಐದು ಮಂದಿಗೆ ಇಂಥ ಯಾವುದಾದರೊಂದು ಹಣ್ಣೂ ಒಗ್ಗದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಬಾಳೆಯ ತಳಿ ಕೆಂಪಿರಲಿ, ಹಳದಿಯಿರಲಿ, ಈ ಮಾತು ಒಂದೇ. ಇದರಿಂದ ಯಾರೂ ಬಾಳೆಹಣ್ಣಿಗೆ ಹೆದರಬೇಕಾದದ್ದಿಲ್ಲ. ಬಹುಪಾಲು ಜನಕ್ಕೆ ಅದು ಅಮೃತಸಮಾನವಾದ ಆಹಾರ. ಆದರೆ ಬಾಳೆಹಣ್ಣು ತಿಂದಾಗ ತುಟಿ, ನಾಲಿಗೆ, ಗಂಟಲು ತುರಿಸುವವರು ಶಸ್ತ್ರಚಿಕಿತ್ಸೆಗೋ ಹಲ್ಲು ಕೀಳಿಸುವುದಕ್ಕೋ ಹೆರಿಗೆಗೋ ಹೋದಾಗ ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರಬ್ಬರು ತಾಗಿದರೆ ತುರಿಸುವವರು ಹಣ್ಣಿನ ವಿಷಯವನ್ನೂ ಹೇಳಬೇಕು. ಒಂದು ವಾಕ್ಯದ ಈ ಸೂಚನೆಯಿಂದ ದೊಡ್ಡ ಗಂಡಾಂತರ ತಪ್ಪೀತು.

ಇನ್ನು ತಡೆಯುವ ಉಪಾಯಗಳು. ಮೊದಲನೆಯದಾಗಿ ಅಳತೆ. ಕೈಗವಸು ಚಿಕ್ಕದಾದರೆ ಮಣಿಕಟ್ಟು ಕಡಿಯುತ್ತದೆ, ದೊಡ್ಡದಾದರೆ ಜಾರಿ ಉಜ್ಜುತ್ತದೆ. ಮುಖಗವಸಿನ ದಾರವನ್ನು ಎಳೆದು ಬಿಗಿಯುವ ಬದಲು ಮುಖದ ಆಕಾರಕ್ಕೆ ಒಪ್ಪುವುದನ್ನು ಆರಿಸಬೇಕು. ತೊಡುವ ಮುನ್ನ ಕೈ ತೊಳೆದು, ಬೆರಳ ಸಂದುಗಳಲ್ಲಿ ಸಾಬೂನು ಉಳಿಯದಂತೆ ನೋಡಿಕೊಂಡು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಬೇಕು. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡುವುದು ಲೇಸು. ಅವುಗಳ ಕೆಳಗೆ ತೇವ ನಿಲ್ಲುತ್ತದೆ. ಮನೆಗೆಲಸಕ್ಕೆ ರಬ್ಬರಿನ ಕೈಗವಸು ತೊಡುವವರು ಒಳಗೆ ತೆಳುವಾದ ಹತ್ತಿಯ ಕೈಗವಸು ಹಾಕಿಕೊಂಡರೆ ಬೆವರನ್ನು ಅದು ಹೀರುತ್ತದೆ. ಎರಡು ಗಂಟೆಗೊಮ್ಮೆಯಾದರೂ, ಅಪಾಯವಿಲ್ಲದ ಜಾಗಕ್ಕೆ ಹೋಗಿ, ಅಂಚನ್ನು ಸಡಿಲಿಸಿ ಚರ್ಮಕ್ಕೆ ಗಾಳಿ ತೋರಿಸಬೇಕು.

ಚರ್ಮಕ್ಕೆ ಏನು ಹಚ್ಚಬೇಕೆಂಬುದರಲ್ಲಿ ಒಂದು ಎಚ್ಚರ ಅಗತ್ಯ. ನಮ್ಮಲ್ಲಿ ಉರಿಗೆ ಕೂಡಲೆ ಕೈಗೆ ಬರುವುದು ಕೊಬ್ಬರಿ ಎಣ್ಣೆ ಇಲ್ಲವೆ ವ್ಯಾಸಲೀನು. ಎರಡೂ ಚರ್ಮಕ್ಕೆ ಒಳ್ಳೆಯವೇ. ಆದರೆ ಎಣ್ಣೆಯ ಜಿಡ್ಡು ನೈಸರ್ಗಿಕ ರಬ್ಬರನ್ನು ಸಡಿಲಗೊಳಿಸಿ ಸವೆಸುತ್ತದೆ; ಜಿಡ್ಡಿನ ಕೈಗೆ ತೊಟ್ಟ ತೆಳು ಕೈಗವಸು ಕಣ್ಣಿಗೆ ಕಾಣದಂತೆ ಹರಿದೀತು. ಮುಖಗವಸಿನ ಅಂಚಿನಲ್ಲಿ ಜಿಡ್ಡಿದ್ದರೆ ಅದು ಜಾರಿ ಗಾಳಿಗೆ ದಾರಿಯಾಗುತ್ತದೆ. ಡ್ರೈಸೂಟಿನ ರಬ್ಬರು ಪಟ್ಟಿಗೂ ಇದೇ ಕಾರಣದಿಂದ ಎಣ್ಣೆ ನಿಷಿದ್ಧ; ಅದನ್ನು ತೊಡುವವರು ಸುವಾಸನೆ ಬೆರೆಸದ ಪುಡಿಯನ್ನೋ ನೀರಿನಲ್ಲಿ ಕಲೆಸಿದ ಲೇಪವನ್ನೋ ಬಳಸುತ್ತಾರೆ. ಆದ್ದರಿಂದ ಸುಲಭವಾದ ನಿಯಮವಿದು: ಎಣ್ಣೆ ಮತ್ತು ವ್ಯಾಸಲೀನು ಕೆಲಸ ಮುಗಿದ ಮೇಲೆ, ರಾತ್ರಿ ಮಲಗುವಾಗ. ಕೆಲಸಕ್ಕೆ ಮುನ್ನ ಹಚ್ಚಲೇಬೇಕಿದ್ದರೆ ಜಿಡ್ಡಿಲ್ಲದ, ಸುವಾಸನೆಯಿಲ್ಲದ ಲೇಪವನ್ನು ಹಚ್ಚಿ ಪೂರ್ತಿ ಆರಲು ಬಿಡಬೇಕು. ರಬ್ಬರು ಒಗ್ಗದವರಿಗೆ ನೈಟ್ರೈಲ್ ಎಂಬ ಕೃತಕ ವಸ್ತುವಿನ ಕೈಗವಸುಗಳಿವೆ. ಅವುಗಳಲ್ಲಿ ರಬ್ಬರು ಮರದ ಪ್ರೋಟೀನು ಇರುವುದಿಲ್ಲ. ಆದರೆ ಮೊದಲು ಹೇಳಿದ ರಸಾಯನಗಳು ಕೆಲವುಗಳಲ್ಲಿ ಇರುತ್ತವಾದ್ದರಿಂದ ಅವು ಒಗ್ಗದವರು ಆ ರಸಾಯನಗಳಿಲ್ಲದ್ದನ್ನೇ ಕೇಳಿ ಕೊಳ್ಳಬೇಕು.

ತೊಗರಿಯ ಕಣಜವೆನಿಸಿದ ಈ ಜಿಲ್ಲೆಯ ರೈತರಿಗೆ ಮಣಿಕಟ್ಟಿನ ಅಂಚಿನ ಬಗೆಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತಿದೆ. ಕಾಯಿಕೊರಕ ಹುಳುವಿಗೆ ಔಷಧ ಹೊಡೆಯುವ ಹೊತ್ತಿಗೆ ತೊಗರಿ ಆಳೆತ್ತರಕ್ಕೆ ಬೆಳೆದಿರುತ್ತದೆ. ಕೈ ಮೇಲೆತ್ತಿ ಸಿಂಪಡಿಸುವಾಗ ಔಷಧ ಕೈಗವಸಿನ ಮೇಲಿಂದ ಮೊಣಕೈಯ ಕಡೆಗೆ ಹರಿದುಬರುತ್ತದೆ. ಆಗ ಅಂಗಿಯ ತೋಳನ್ನು ಕೈಗವಸಿನ ಒಳಗೆ ಸೇರಿಸಿ, ಕೈಗವಸಿನ ಅಂಚನ್ನು ಹೊರಕ್ಕೆ ಮಡಿಸಬೇಕು. ಹರಿದ ಹನಿ ಆ ಮಡಿಕೆಯಲ್ಲಿ ನಿಲ್ಲುತ್ತದೆ. ಗಿಡ ಗಿಡ್ಡವಿದ್ದು ಕೈ ಕೆಳಗಿರುವಾಗ ಅಂಗಿಯ ತೋಳು ಕೈಗವಸಿನ ಹೊರಗಿರಬೇಕು. ಔಷಧದ ಕೆಲಸಕ್ಕೆ ಒಳಗೆ ಬಟ್ಟೆ ಹೊಲಿದ ಕೈಗವಸು ಸಲ್ಲದು. ಬಟ್ಟೆ ವಿಷವನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ನೈಟ್ರೈಲಿನ ಕೈಗವಸೇ ಲೇಸು. ಕಳಚುವ ಮುನ್ನ ಕೈಗವಸನ್ನು ಹೊರಗಿನಿಂದ ಸಾಬೂನಿನಲ್ಲಿ ತೊಳೆಯಬೇಕು. ಬಿಸಿಲೇರುವ ಮೊದಲೇ ಕೆಲಸ ಮುಗಿಸಿದರೆ ಬೆವರೂ ಕಡಿಮೆ, ಉರಿಯೂ ಕಡಿಮೆ.

ಬಿಗಿದ ಅಂಚು ಉದ್ಯೋಗದಲ್ಲಿ ಮಾತ್ರ ಇರುವುದಿಲ್ಲ. ನಮ್ಮ ತಾಯಂದಿರ ಸೊಂಟದಲ್ಲೂ ಇದೆ. ಸೀರೆಯ ಒಳಗಿನ ಲಂಗದ ಲಾಡಿಯನ್ನು ಐವತ್ತು-ಅರವತ್ತು ವರ್ಷ ಒಂದೇ ಗೆರೆಯಲ್ಲಿ ಬಿಗಿದು ಕಟ್ಟುವುದರಿಂದ ಅಲ್ಲಿಯ ಚರ್ಮ ಕಪ್ಪಾಗಿ, ದಡ್ಡುಗಟ್ಟಿ, ಸಿಪ್ಪೆಯೇಳುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ನಾಚಿಕೆಯಿಂದ ಅವರು ಹೇಳುವುದಿಲ್ಲ. ಇದೊಂದು ರೋಗವೇ ಎಂದು ನಾವು ಕೇಳುವುದಿಲ್ಲ. 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು ನಮ್ಮ ದೇಶದ ಇಬ್ಬರು ವೃದ್ಧೆಯರ ವೃತ್ತಾಂತವನ್ನು ಪ್ರಕಟಿಸಿತು. ಬರೆದವರು ವರ್ಧಾ ಮತ್ತು ಬಿಹಾರದ ವೈದ್ಯರು. ಸೊಂಟದ ಕಟ್ಟಿನ ಜಾಗದಲ್ಲಿ ಬಹುಕಾಲ ಮಾಯದೆ ಉಳಿದ ಹುಣ್ಣು ಇಬ್ಬರಲ್ಲೂ ಕ್ಯಾನ್ಸರಾಗಿತ್ತು. ಇಂಥದು ಬಹಳ ವಿರಳ, ಸೀರೆ ಉಟ್ಟವರೆಲ್ಲ ಅಂಜಬೇಕಾಗಿಲ್ಲ. ಆದರೆ ಲಾಡಿಯ ಬದಲು ಅಗಲವಾದ ಪಟ್ಟಿ ಹೊಲಿಸಿಕೊಳ್ಳುವುದು, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಬದಲಿಸುವುದು, ಮನೆಯಲ್ಲಿರುವಾಗ ಸಡಿಲಿಸುವುದು, ಇವಕ್ಕೆ ಖರ್ಚೇನೂ ಇಲ್ಲ. ಮೂರು-ನಾಲ್ಕು ವಾರಗಳಲ್ಲಿ ಮಾಯದ ಹುಣ್ಣನ್ನು, ಅದು ಎಲ್ಲಿಯೇ ಇರಲಿ, ವೈದ್ಯರಿಗೆ ತೋರಿಸಲೇಬೇಕು.

ಕೊನೆಯದಾಗಿ ಶಮನದ ಕ್ರಮ. ಚರ್ಮ ಕೆಂಪಾದರೆ ಮೊದಲ ಮದ್ದು ಅಂಚನ್ನು ದೂರವಿಡುವುದು. ತಣ್ಣೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡಬೇಕು. ಅನಂತರ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಬಹುದು. ಬೆವರುಸಾಲೆಯಾಗಿದ್ದರೆ ಜಿಡ್ಡು ಬೇಡ. ತಂಪು ಮತ್ತು ಗಾಳಿ ಸಾಕು. ಸುಣ್ಣ, ನಿಂಬೆರಸ, ಹಲ್ಲಿನ ಪೇಸ್ಟು, ನೀರು ಬೆರೆಸದ ಡೆಟಾಲು, ಇವುಗಳನ್ನು ಸುಲಿದ ಚರ್ಮಕ್ಕೆ ಹಚ್ಚುವುದು ಉರಿಯುವ ಮನೆಗೆ ಎಣ್ಣೆ ಸುರಿದಂತೆ. ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮು ಇವೆಲ್ಲಕ್ಕಿಂತ ಕೆಟ್ಟದ್ದು. ತುರಿಕೆಯ ಮುಲಾಮುಗಳೆಂದು ಮಾರುವ ಹಲವಾರರಲ್ಲಿ ಪ್ರಬಲವಾದ ಸ್ಟೆರಾಯ್ಡ್ ಸೇರಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯವಾಗುತ್ತದೆ. ಗಜಕರ್ಣವಾಗಿದ್ದರೆ ಅದು ಒಳಗೊಳಗೇ ಹಬ್ಬುತ್ತದೆ, ಚರ್ಮ ಕಾಗದದಂತೆ ತೆಳುವಾಗುತ್ತದೆ. 2018ರಲ್ಲಿ ಭಾರತ ಸರ್ಕಾರ ಇಂಥ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದ್ದು ಈ ಕಾರಣಕ್ಕಾಗಿ. ಕೀವು, ಜ್ವರ, ಹರಡುವ ಕೆಂಪು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದದ್ದಿನ ಜೊತೆ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯಬಾರದು.

ಕೆಲಸಕ್ಕೆ ಜನರನ್ನು ಕಳುಹಿಸುವವರಿಗೂ ಒಂದು ಮಾತು. ಕೈಗವಸು ಹಂಚಿದೆವೆಂದು ಲೆಕ್ಕದಲ್ಲಿ ಬರೆದರೆ ಹೊಣೆ ತೀರಲಿಲ್ಲ. ಮೂರು ಅಳತೆಗಳಲ್ಲಿ ತರಿಸಿದ್ದೀರಾ, ಒಗ್ಗದವರಿಗೆ ಬೇರೆ ಬಗೆಯದು ಇದೆಯೇ, ಕಳಚಿ ಕೈ ತೊಳೆದುಕೊಳ್ಳಲು ನೀರೂ ನೆರಳೂ ಹತ್ತು ನಿಮಿಷ ಬಿಡುವೂ ಉಂಟೇ ಎಂದು ವಿಚಾರಿಸಬೇಕು. ಪೌರಕಾರ್ಮಿಕರು ಬೂಟು ಬಿಟ್ಟು ಬರಿಗಾಲಲ್ಲಿ ಚರಂಡಿಗೆ ಇಳಿದರೆ ಅವರ ಅಜ್ಞಾನವನ್ನು ಹಳಿಯುವ ಮುನ್ನ ಆ ಬೂಟನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಅದರ ಅಂಚು ಅವರ ಮೀನಖಂಡವನ್ನು ಎಲ್ಲಿ ಕಡಿದಿದೆ ಎಂಬುದನ್ನು ಅವರನ್ನೇ ಕೇಳಬೇಕು.